ಮನೆಗಾಡಿಯ ನೆತ್ತಿಗೆ ತುಂಬಿದ ಉಡಿ

೨೦೨೨ರ ಅಕ್ಟೋಬರ್ ತಿಂಗಳು. ಸಿಂದಗಿಯ ಬಸ್ ನಿಲ್ದಾಣದ ಎದುರು ನಾನು ಸೋಲಾರ್ ಅಂಗಡಿ ತೆರೆದು ಆಗ ಹತ್ತೊಂಬತ್ತು ವರ್ಷವಾಗಿತ್ತು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಕೆಲವು ವರ್ಷ ಮೋಟರ್ ರಿವೈಂಡಿಂಗ್ ಮಾಡಿ, ಬೇರೆಯವರ ಕೈಕೆಳಗೆ ಬೈಸಿಕೊಂಡು ಸಾಕಾಗಿ ಸ್ವಂತಕ್ಕೆ ಇಳಿದವನು ನಾನು. ನೀರು ಕಾಯಿಸುವುದು, ಹೊಲದ ಪಂಪ್‌ಸೆಟ್ಟು, ಮಾಳಿಗೆಯ ಮೇಲಿನ ಪ್ಯಾನೆಲ್ಲು, ಈ ಮೂರರಲ್ಲಿ ಕೈ ಪಳಗಿತ್ತು. ಬೈಸಿಕೊಳ್ಳುವುದು ತಪ್ಪಿದ ಮೇಲೆ ಬೈಯುವುದು ರೂಢಿಯಾಯಿತು. ಸಡಿಲ ನಟ್ಟು, ಬರಿ ಕೈಯಲ್ಲಿ ತಿರುವಿ ಟೇಪ್ ಸುತ್ತಿದ ವೈರು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಹಿಂದಿನಿಂದ ಗಿರಾಕಿಗಳು ನನ್ನನ್ನು ‘ಮೆಣಸಿನಕಾಯಿ ಸಾಹೇಬ್ರು’ ಅನ್ನುತ್ತಿದ್ದದ್ದು ಕಿವಿಗೆ ಬಿದ್ದಿದೆ. ಅಂಥ ನನ್ನ ಸಿಟ್ಟು ಗಂಟಲಲ್ಲೇ ಕರಗಿಹೋದ ಒಂದು ಕೆಲಸದ ಕತೆ ಇದು.

ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಬೆಳ್ಳಗೆ ಬಣ್ಣ ಬಳಿದ ಹಳೆಯ ಮಿನಿ ಬಸ್ಸು ಬಂದು ನಿಂತಿತು. ಅದರಿಂದ ಇಳಿದವರು ಮುದ್ದೇಬಿಹಾಳದ ಸಂಗಪ್ಪನವರು. ಸರಕಾರಿ ಬಸ್ಸಿನ ಡ್ರೈವರ್ ಆಗಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಅವರ ಮುಖ ನನಗೆ ಪರಿಚಿತ. ಎಷ್ಟೋ ವರ್ಷ ನನ್ನ ಅಂಗಡಿಯ ಎದುರೇ ಬಸ್ಸು ತಂದು ನಿಲ್ಲಿಸಿ, ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿದು ಹೋಗುತ್ತಿದ್ದರು. ಈ ಮಿನಿ ಬಸ್ಸನ್ನು ಅವರು ಯಾವುದೋ ಶಾಲೆಯಿಂದ ಕೊಂಡು, ಬಸವನ ಬಾಗೇವಾಡಿಯ ಒಂದು ಗ್ಯಾರೇಜಿನಲ್ಲಿ ನಾಲ್ಕು ತಿಂಗಳು ಇಟ್ಟು, ಒಳಗಿನ ಸೀಟು ಕಿತ್ತಿಸಿ, ಎರಡು ಮಂಚ, ಒಂದು ಅಡುಗೆಕಟ್ಟೆ, ನೀರಿನ ಟ್ಯಾಂಕು, ಪುಟ್ಟ ಫ್ರಿಜ್ಜು ಕೂಡಿಸಿದ್ದರು. ಪೇಟೆಯವರು ಮೋಟರ್‌ಹೋಮ್ ಅನ್ನುವುದನ್ನು ಅವರು ‘ಮನಿಗಾಡಿ’ ಎಂದು ಕರೆಯುತ್ತಿದ್ದರು. ಅದರ ನೆತ್ತಿಯ ಮೇಲೆ ಸೋಲಾರ್ ಕೂಡಿಸಬೇಕಿತ್ತು. ಮುದ್ದೇಬಿಹಾಳದಲ್ಲಿ ಇಬ್ಬರನ್ನು ಕೇಳಿದ್ದರಂತೆ. ಓಡುವ ಗಾಡಿಯ ಉಸಾಬರಿ ಬೇಡ ಎಂದು ಇಬ್ಬರೂ ಕೈಯೆತ್ತಿದ್ದರು.

ಶೋಕಿಗೆ ಮಾಡಿಸುತ್ತಿದ್ದಾರೆ ಅಂದುಕೊಂಡೆ. ಇಳಿವಯಸ್ಸಿನಲ್ಲಿ ಎಲ್ಲರಿಗೂ ಒಂದೊಂದು ಹುಚ್ಚು. ಆದರೆ ಏನೇನು ನಡೆಸಬೇಕು ಎಂದು ಕೇಳಿದಾಗ ಅವರು ಮೊದಲು ಹೇಳಿದ್ದು ಟಿವಿಯಲ್ಲ, ಫ್ಯಾನಲ್ಲ, ಬೈಪ್ಯಾಪ್ ಯಂತ್ರ. ಅದು ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಮಲಗಿದವರಿಗೆ ನಿದ್ದೆಯಲ್ಲಿ ಗಾಳಿ ಒತ್ತಿ ಕೊಡುವ ಪುಟ್ಟ ಪೆಟ್ಟಿಗೆ. ಅವರ ಹೆಂಡತಿ ನೀಲಮ್ಮನವರಿಗೆ ಎಚ್ಚರವಿದ್ದಾಗ ಉಸಿರಾಟ ಸರಿ. ನಿದ್ದೆ ಹತ್ತಿದರೆ ಉಸಿರು ತೇಲಿಬಿಡುತ್ತಿತ್ತು, ರಕ್ತದಲ್ಲಿ ಕೆಟ್ಟ ಗಾಳಿ ಸೇರಿಕೊಳ್ಳುತ್ತಿತ್ತು. ನಾಲ್ಕು ವರ್ಷದ ಹಿಂದೆ ಇಂಡಿ ಪಟ್ಟಣದಲ್ಲಿ ನೆಂಟರ ಮದುವೆಗೆ ಹೋಗಿದ್ದಾಗ ಕರೆಂಟ್ ಹೋಗಿ ಯಂತ್ರ ನಿಂತಿತ್ತು. ಬೆಳಿಗ್ಗೆ ಎಬ್ಬಿಸಿದರೆ ಗಂಡನ ಗುರುತೇ ಹತ್ತಲಿಲ್ಲವಂತೆ. ವಿಜಯಪುರದ ಆಸ್ಪತ್ರೆಯಲ್ಲಿ ಒಂದು ವಾರ ಇರಬೇಕಾಯಿತು. ಅಲ್ಲಿಂದ ಮುಂದೆ ಅವರು ಮುದ್ದೇಬಿಹಾಳದ ಮನೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗಿರಲಿಲ್ಲ.

ನೀಲಮ್ಮನವರ ತವರು ಭೀಮಾ ನದಿಯ ದಂಡೆಯ ದೇವಣಗಾಂವ. ಬೆಳಿಗ್ಗೆ ಹೋಗಿ ಸಂಜೆಗೆ ಬಂದುಬಿಡುವಷ್ಟು ಹತ್ತಿರದ ದಾರಿಯಲ್ಲ, ಹೋಗಿ ಉಳಿದರೆ ಅಲ್ಲಿಯ ಕರೆಂಟ್ ನೆಚ್ಚುವಂತಿಲ್ಲ. ಹಾಗಾಗಿ ತವರೂ ತಪ್ಪಿತ್ತು. ಸಂಗಪ್ಪನವರು ಚಹಾ ಲೋಟ ಕೆಳಗಿಟ್ಟು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ.

“ಮೂವತ್ತೆರಡು ವರ್ಷ ಊರವರ ಹೆಣ್ಣಮಕ್ಕಳನ್ನ ತವರಿಗೆ ಮುಟ್ಟಿಸೇನ್ರಿ ಸಾಹೇಬ್ರ. ನಮ್ಮ ಮನ್ಯಾಕಿನ್ನ ಮುಟ್ಟಸೂದು ನನ್ನ ಕೈಲೆ ಆಗವಲ್ದು.”

ಡಾಕ್ಟರು ಒಂದು ಷರತ್ತಿನ ಮೇಲೆ ಒಪ್ಪಿದ್ದರು. ಮೊದಲು ಯಾವುದಾದರೂ ಒಂದೇ ಕಡೆ ಮೂರು ರಾತ್ರಿ ಗಾಡಿಯಲ್ಲಿ ಮಲಗಿ ನೋಡಬೇಕು. ಮೂರೂ ರಾತ್ರಿ ಯಂತ್ರ ನಿಲ್ಲದೆ ನಡೆದರೆ ಮುಂದೆ ಎಲ್ಲಿಗೆ ಬೇಕಾದರೂ ಹೋಗಬಹುದು. ಸಂಗಪ್ಪನವರು ಅದಕ್ಕೆ ತಮ್ಮದೊಂದು ಷರತ್ತು ಸೇರಿಸಿಕೊಂಡಿದ್ದರು. ಒಂದು ರಾತ್ರಿ ಕೈಕೊಟ್ಟರೂ ಗಾಡಿ ಮಾರಿಬಿಡುವುದು, ಮತ್ತೆ ಆ ಮಾತೇ ಎತ್ತುವುದಿಲ್ಲ. ಆ ಮೂರು ರಾತ್ರಿಗೆ ನೀಲಮ್ಮನವರು ಆರಿಸಿಕೊಂಡದ್ದು ದೇವಣಗಾಂವದಲ್ಲಿ ಅಣ್ಣನ ಹೊಲ, ಎಳ್ಳ ಅಮಾವಾಸ್ಯೆಯ ದಿನದಿಂದ.

ಕೆಲಸ ಒಪ್ಪಿಕೊಂಡೆ. ಗಾಡಿಯ ನೆತ್ತಿಯ ಮೇಲೆ ಸೋಲಾರ್ ಕೂಡಿಸುವುದು ಮಾಳಿಗೆಯ ಮೇಲೆ ಕೂಡಿಸಿದಂತಲ್ಲ. ಮಾಳಿಗೆ ಅಲುಗಾಡುವುದಿಲ್ಲ, ಗಾಡಿ ಅಲುಗಾಡುವುದಕ್ಕೇ ಹುಟ್ಟಿದ್ದು. ಮೊದಲು ಲೋಡ್ ಲೆಕ್ಕ, ಅಂದರೆ ದಿನಕ್ಕೆ ಎಷ್ಟು ಕರೆಂಟ್ ತಿನ್ನುತ್ತದೆ ಎಂಬ ಲೆಕ್ಕ ಹಾಕಿದೆ. ಬೈಪ್ಯಾಪ್, ಅದರಲ್ಲಿ ಗಾಳಿಯನ್ನು ಬೆಚ್ಚಗೆ ತೇವ ಮಾಡುವ ಹ್ಯುಮಿಡಿಫೈಯರ್, ಫ್ರಿಜ್ಜು, ಎರಡು ಫ್ಯಾನು, ದೀಪ. ಎಲ್ಲ ಸೇರಿ ಒಂದೂವರೆ ಯೂನಿಟ್. ಸಂಗಪ್ಪನವರು ಮಿಕ್ಸಿ ಮತ್ತು ಇಸ್ತ್ರಿಪೆಟ್ಟಿಗೆಯನ್ನೂ ಸೇರಿಸಲು ನೋಡಿದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಇಸ್ತ್ರಿ ಇಲ್ಲದ ಅಂಗಿಯಲ್ಲಿ ಯಾರ ಉಸಿರೂ ನಿಲ್ಲುವುದಿಲ್ಲ ಎಂದು ಅದನ್ನು ಹೊಡೆದುಹಾಕಿದೆ. ೩೩೫ ವ್ಯಾಟಿನ ಎರಡು ಪ್ಯಾನೆಲ್, ೨೪ ವೋಲ್ಟಿನ ಒಂದು ಲಿಥಿಯಂ ಬ್ಯಾಟರಿ, ನಡುವೆ ಬಿಸಿಲಿನ ಕರೆಂಟನ್ನು ಬ್ಯಾಟರಿಗೆ ಒಗ್ಗುವಂತೆ ಹದ ಮಾಡಿ ಕೊಡುವ ಚಾರ್ಜ್ ಕಂಟ್ರೋಲರ್. ಯಂತ್ರಕ್ಕೆಂದೇ ಎರಡು ತಾಸು ನಡೆಸುವ ಸಣ್ಣ ಬ್ಯಾಟರಿಯೊಂದು ಬೇರೆ. ಅದು ಗಾಬರಿಯ ಹೊತ್ತಿಗೆ, ಇಡೀ ರಾತ್ರಿಗಲ್ಲ.

ನೆತ್ತಿಯ ತಗಡಿಗೆ ತೂತು ಕೊರೆದರೆ ಮಳೆಗಾಲದಲ್ಲಿ ಹಾಸಿಗೆ ತೋಯುತ್ತದೆ. ಆದ್ದರಿಂದ ಒಳಗಿನ ಕಬ್ಬಿಣದ ಪಕ್ಕೆಗಳಿಗೆ ಹೊಂದಿಕೊಂಡಿದ್ದ ಹಳೆಯ ಲಗೇಜ್ ಕ್ಯಾರಿಯರನ್ನೇ ಗಟ್ಟಿ ಮಾಡಿಸಿ, ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿ ಕೂಡಿಸಿ ಪ್ಯಾನೆಲ್ ಬಿಗಿದೆ. ಪ್ಯಾನೆಲ್ಲಿಗೂ ತಗಡಿಗೂ ನಡುವೆ ನಾಲ್ಕು ಬೆರಳು ಸಂದು ಬಿಟ್ಟೆ. ಪ್ಯಾನೆಲ್ಲಿಗೆ ಬಿಸಿಲು ಬೇಕು, ಕಾವು ಬೇಡ. ಕಾವೇರಿದರೆ ಅದರ ದುಡಿಮೆ ಕಡಿಮೆಯಾಗುತ್ತದೆ, ಅಡಿಯಲ್ಲಿ ಗಾಳಿ ಆಡಬೇಕು. ಅದುರಿದರೂ ಬಿಚ್ಚಿಕೊಳ್ಳದಂತೆ ಒಳಗೆ ನೈಲಾನ್ ಬಳೆ ಇರುವ ನಟ್ಟುಗಳನ್ನೇ ಹಾಕಿದೆ. ಎರಡೂ ಪ್ಯಾನೆಲ್ಲುಗಳನ್ನು ಸೀರೀಸ್ ಮಾಡಿದೆ, ಅಂದರೆ ಒಂದರ ಬಾಲಕ್ಕೆ ಇನ್ನೊಂದರ ತಲೆ. ವೈರು ತೆಳುವಾದರೂ ನಡೆಯುತ್ತದೆ, ವ್ಯರ್ಥ ಕಡಿಮೆ. ಕೊರತೆ ಒಂದೇ. ಒಂದರ ಮೇಲೆ ನೆರಳು ಬಿದ್ದರೆ ಇನ್ನೊಂದರ ದುಡಿಮೆಗೂ ಕುತ್ತು ಬರಬಹುದು. ಬಯಲಲ್ಲಿ ನಿಲ್ಲುವ ಗಾಡಿಗೆ ನೆರಳೆಲ್ಲಿಯದು ಎಂಬ ಧೈರ್ಯ ನನ್ನದು. ಗಿಡದ ಕೆಳಗೆ ಮಾತ್ರ ನಿಲ್ಲಿಸಬೇಡಿ ಎಂದು ಸಂಗಪ್ಪನವರಿಗೆ ನಾಲ್ಕು ಸಲ ಹೇಳಿದೆ.

ಗಾಡಿ ಓಡುವಾಗ ಇಂಜಿನ್ನಿನ ಆಲ್ಟರ್ನೇಟರಿನಿಂದಲೂ ಬ್ಯಾಟರಿ ತುಂಬುವಂತೆ ಮಾಡೋಣ, ಬಿಸಿಲಿಲ್ಲದ ದಿನಕ್ಕೆ ಆಸರೆಯಾಗುತ್ತದೆ ಎಂದು ಸೂಚಿಸಿದೆ. ಸಂಗಪ್ಪನವರು ಬಾನೆಟ್ಟಿಗೆ ಅಡ್ಡ ನಿಂತುಬಿಟ್ಟರು.

“ನೆತ್ತಿ ನಿಮ್ಮದು, ಇಂಜಿನ್ ನಂದು. ಅದರ ತಂಟೆಕ ಬರಬ್ಯಾಡ್ರಿ.”

ಡ್ರೈವರ್ ಹಟ ನನಗೆ ಗೊತ್ತಿರುವುದೇ, ಹೋಗಲಿ ಎಂದು ಬಿಟ್ಟೆ. ಕೆಲಸ ಮುಗಿದ ಮೇಲೆ ನನ್ನನ್ನು ಗಾಡಿಯಲ್ಲಿ ಕೂಡಿಸಿಕೊಂಡು ತಾವು ಕಂಡ ಅತಿ ಕೆಟ್ಟ ರಸ್ತೆಗೆ ಕರೆದೊಯ್ದರು. ಯಾವ ಗುಂಡಿ ಎಲ್ಲಿದೆ ಎಂಬುದು ಅವರಿಗೆ ಬಾಯಿಪಾಠ. ಒಂದನ್ನೂ ತಪ್ಪಿಸದೆ ಎಲ್ಲದರೊಳಗೂ ಇಳಿಸಿದರು. ನನ್ನ ಸೊಂಟ ಅಲುಗಿತು, ನಟ್ಟು ಒಂದೂ ಅಲುಗಲಿಲ್ಲ. ಆ ಸಂಜೆ ನಾನು ಬಲು ಖುಷಿಯಲ್ಲಿದ್ದೆ.

ಗಾಡಿ ಒಪ್ಪಿಸಿದ ದಿನ ನೀಲಮ್ಮನವರು ಬಂದಿದ್ದರು. ಗುಂಡು ಮುಖ, ದೊಡ್ಡ ಕುಂಕುಮ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಂಡರೂ ಬಾಯಿಗೆ ಮಾತ್ರ ದಣಿವಿಲ್ಲ. ನೆತ್ತಿಯ ಮೇಲಿನದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರು. ರೈತರಿಗೆ ಹೇಳುವಾಗ ನಾನು ಯಾವಾಗಲೂ ಒಂದೇ ಮಾತು ಬಳಸುತ್ತಿದ್ದೆ, ಅವರಿಗೂ ಅದನ್ನೇ ಹೇಳಿದೆ. ಇದೂ ಒಂದು ಹೊಲ ಅಂತ ತಿಳಿದುಕೊಳ್ಳಿ, ಬಿಸಿಲು ಬಿದ್ದರೆ ಕರೆಂಟ್ ಬೆಳೆಯುತ್ತದೆ, ಕೆಳಗಿನ ಬ್ಯಾಟರಿ ನೀವು ಕಾಳು ತುಂಬಿಡುವ ಹಗೇವು ಎಂದೆ. ಅವರು ತಲೆಯೆತ್ತಿ ಬಹಳ ಹೊತ್ತು ನೆತ್ತಿಯ ಕಡೆ ನೋಡಿದರು. ನನ್ನ ವಿವರಣೆ ಚೆನ್ನಾಗಿ ಮುಟ್ಟಿತು ಅಂದುಕೊಂಡೆ. ನಾನು ಎಣಿಸಿದ್ದಕ್ಕಿಂತ ಹೆಚ್ಚೇ ಮುಟ್ಟಿತ್ತು.

ಎಳ್ಳ ಅಮಾವಾಸ್ಯೆ ಡಿಸೆಂಬರಿನಲ್ಲಿ ಬಂತು. ನಮ್ಮ ಕಡೆ ಅಂದು ಮನೆಯಲ್ಲಿ ಒಲೆ ಹೊತ್ತಿಸಿ ಬುತ್ತಿ ಕಟ್ಟಿಕೊಂಡರೆ ಊಟ ಹೊಲದಲ್ಲೇ. ಎರೆಹೊಲದಲ್ಲಿ ಬಿಳಿಜೋಳ ತೆನೆ ಕಟ್ಟುವ ಹೊತ್ತದು, ಭೂತಾಯಿ ಬಸುರಿ ಎಂದು ಭಾವಿಸುತ್ತೇವೆ. ಬಸುರಿಯ ಬಯಕೆ ತೀರಿಸಬೇಕಲ್ಲವೇ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಕೂಡಿಸಿ ಪೂಜೆ ಮಾಡಿ, ಜೋಳದ ದಂಟಿನ ಮೇಲೆ ಹೊಸ ಕುಪ್ಪಸದ ಖಣ ಹೊದಿಸಿ, ಬಸುರಿಯ ಮಡಿಲಿಗೆ ಇಡುವಂತೆ ಕಾಯಿ, ಎಲೆಅಡಿಕೆ ಇಟ್ಟು ಭೂತಾಯಿಗೆ ಉಡಿ ತುಂಬುತ್ತೇವೆ. ಆಮೇಲೆ ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಪಲ್ಯ, ಅಂಬಲಿ ಎಲ್ಲವನ್ನೂ ಕಲಸಿ ಹೊಲದ ತುಂಬ ಚೆಲ್ಲುತ್ತ ಹೋಗುತ್ತೇವೆ. ಅದಕ್ಕೆ ಚರಗ ಎಂದು ಹೆಸರು. ನಾನೂ ಅಂದು ಅಂಗಡಿ ಮುಚ್ಚಿ ತಮ್ಮನ ಹೊಲಕ್ಕೆ ಹೋಗಿ ಹೊಟ್ಟೆ ಬಿರಿಯ ಉಂಡು ಬಂದೆ.

ಹಬ್ಬದ ಮರುದಿನ, ನಮ್ಮ ಕಡೆ ಅದಕ್ಕೆ ಕರಿ ಅನ್ನುತ್ತಾರೆ. ಮಧ್ಯಾಹ್ನಕ್ಕೆ ಮುಂಚೆ ಸಂಗಪ್ಪನವರ ಫೋನು ಬಂತು. ಮೊದಲ ರಾತ್ರಿ ಏನೂ ತೊಂದರೆಯಾಗಿರಲಿಲ್ಲ, ಮನೆಯಿಂದ ತುಂಬಿಸಿಕೊಂಡು ಹೋದ ಬ್ಯಾಟರಿಯಲ್ಲೇ ಕಳೆದಿತ್ತು. ಆದರೆ ಈಗ ಬ್ಯಾಟರಿ ಶೇಕಡ ಮೂವತ್ತೈದಕ್ಕೆ ಇಳಿದಿದೆ, ಬೆಳಗಿನಿಂದ ಬಿಸಿಲು ಕಾದರೂ ಏರುತ್ತಿಲ್ಲ ಅಂದರು. ಕಂಟ್ರೋಲರಿನ ಫೋಟೋ ಕಳಿಸಿಕೊಂಡು ನೋಡಿದೆ. ಹದಿನೆಂಟು ಆಂಪಿಯರ್ ಹರಿಯಬೇಕಾದಲ್ಲಿ ಮೂರು ಹರಿಯುತ್ತಿತ್ತು. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಗಾಡಿ ಗಿಡದ ಕೆಳಗಿದೆಯೇ ಎಂದು ಕೇಳಿದೆ. ಬಟಾಬಯಲಲ್ಲಿ ನಿಂತಿದೆ ಅಂದರು. ಅವರ ದನಿ ಆಗಲೇ ಸೋತಿತ್ತು. ಸಂಜೆಯೊಳಗೆ ಗಾಡಿ ತಿರುಗಿಸಿಕೊಂಡು ಮುದ್ದೇಬಿಹಾಳಕ್ಕೆ ಹೊರಟುಬಿಡುತ್ತೇವೆ, ಇನ್ನು ಈ ಹುಚ್ಚು ಸಾಕು ಅಂದರು. ನಾನು ಬರುವ ತನಕ ಗಾಡಿ ಅಲುಗಾಡಿಸಬೇಡಿ ಎಂದು ಗದರಿಸಿ ಫೋನಿಟ್ಟೆ.

ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರು, ಒಂದಷ್ಟು ಕನೆಕ್ಟರು, ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿ ಬೈಕ್ ಹತ್ತಿದೆ. ಕಬ್ಬಿನ ಹಂಗಾಮು. ಆಲಮೇಲದ ಹತ್ತಿರ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬಿಕೊಂಡು ಹೊರಟಿದ್ದವು, ಒಂದನ್ನು ದಾಟಿದರೆ ಮುಂದೆ ಇನ್ನೊಂದು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಒಂದೊಂದು ಜಾಯಿಂಟು ಬಿಚ್ಚಿ ನೋಡುತ್ತ ಹೋದೆ. ಕನೆಕ್ಟರ್ ಸಡಿಲವಾಗಿರಬಹುದು, ಗುಂಡಿಗೆ ಗಾಜಿನೊಳಗಿನ ಸೆಲ್ ಬಿರಿದಿರಬಹುದು, ಕಂಟ್ರೋಲರೇ ಕೆಟ್ಟಿರಬಹುದು. ಕಂಟ್ರೋಲರ್ ಕೆಟ್ಟಿದ್ದರೆ ಇವತ್ತು ಸರಿಯಾಗುವ ಮಾತಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಪಂಪ್‌ಸೆಟ್ಟು ಕೈಕೊಟ್ಟರೆ ಬೆಳೆ ಒಂದು ದಿನ ಬಾಡುತ್ತದೆ, ಇಲ್ಲಿ ಒಬ್ಬ ಹೆಣ್ಣುಮಗಳ ನಿದ್ದೆ ನನ್ನ ನಟ್ಟು ಬೋಲ್ಟಿಗೆ ತಗುಲಿಕೊಂಡಿತ್ತು.

ಹೊಲ ಮುಟ್ಟಿದಾಗ ನೀಲಮ್ಮನವರ ಅಣ್ಣ ಶಿವಪುತ್ರಪ್ಪ, ಅವರ ಹೆಂಡತಿ ಗುರುಬಾಯಿ ಬದುವಿನ ಮೇಲೆ ಕಾಯುತ್ತ ನಿಂತಿದ್ದರು. ಮೊದಲು ಉಣ್ಣಲೇಬೇಕು ಎಂದು ಗುರುಬಾಯಿ ಹಟ ಹಿಡಿದರು. ಸಂಗಪ್ಪನವರು ಗಾಡಿಯ ಹಗ್ಗ, ಬಕೆಟ್ಟು, ಕುರ್ಚಿ ಒಳಗೆ ಹಾಕುತ್ತಿದ್ದರು. ನೀಲಮ್ಮನವರು ಗಾಡಿಯ ಮೆಟ್ಟಿಲ ಮೇಲೆ ಕೂತು, ಗಂಡ ಒಳಗಿಟ್ಟ ಸಾಮಾನುಗಳನ್ನು ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು. ನಾನು ಊಟ ಆಮೇಲೆ ಎಂದು ಹೇಳಿ ಹಿಂದಿನ ಏಣಿ ಹಿಡಿದು ನೆತ್ತಿಗೇರಿದೆ.

ಏರಿದವನು ಹಾಗೇ ನಿಂತುಬಿಟ್ಟೆ. ಮುಂದಿನ ಪ್ಯಾನೆಲ್ಲಿನ ಮೇಲೆ ಅರ್ಧಕ್ಕೂ ಹೆಚ್ಚು ಜಾಗಕ್ಕೆ ಕೆಂಪು ಅಂಚಿನ ಹಸಿರು ಖಣ ಹಾಸಿತ್ತು. ಗಾಳಿಗೆ ಹಾರದಂತೆ ಅದರ ಮೇಲೆ ಸುಣ್ಣ ಹಚ್ಚಿದ ಐದು ಕಲ್ಲು, ನಡುವೆ ತೆಂಗಿನಕಾಯಿ, ಅರಿಷಿಣಕೊಂಬು, ಎಲೆಅಡಿಕೆ. ಹಿಂದಿನ ಪ್ಯಾನೆಲ್ಲಿನ ತುಂಬ ಚರಗ. ಕಡುಬಿನ ಚೂರು, ರೊಟ್ಟಿ, ಪಲ್ಯ, ಎಲ್ಲವೂ ಅಂಬಲಿಯೊಂದಿಗೆ ಸೇರಿ ಬಿಸಿಲಿಗೆ ಗಾರೆಯಂತೆ ಗಟ್ಟಿಯಾಗಿದ್ದವು. ನಿನ್ನೆಯಿಂದ ಊರ ಕಾಗೆ ಗುಬ್ಬಿಗಳೆಲ್ಲ ಬಂದು ಉಂಡು, ಉಂಡದ್ದನ್ನು ಅಲ್ಲೇ ಬಿಟ್ಟೂ ಹೋಗಿದ್ದವು. ವೈರು ಸರಿಯಿತ್ತು, ಕನೆಕ್ಟರ್ ಸರಿಯಿತ್ತು, ನಟ್ಟು ಒಂದೂ ಸಡಿಲಾಗಿರಲಿಲ್ಲ. ನನ್ನ ತಲೆ ಮಾತ್ರ ಕಾದ ಹೆಂಚಾಗಿತ್ತು. ಗಾಜಿನ ಮೇಲೆ ಕಲ್ಲು! ಮೇಲಿನಿಂದಲೇ ಇದು ಯಾರ ಕೆಲಸ ಎಂದು ಕೂಗಿದೆ.

ಇದರ ಸುಳಿವೇ ಇಲ್ಲದ ಸಂಗಪ್ಪನವರು ಕೈಯಲ್ಲಿದ್ದ ಹಗ್ಗ ಬಿಟ್ಟು ತಲೆಯೆತ್ತಿದರು. ಗುರುಬಾಯಿ ಸೆರಗು ಬಾಯಿಗೆ ಹಿಡಿದುಕೊಂಡರು. ಏಣಿ ಹತ್ತಿದವರು ಅವರೇ ಎಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು. ನೀಲಮ್ಮನವರು ಮೆಟ್ಟಿಲಿಂದ ಎದ್ದು, ನಿಂತು ಉಸಿರು ತೆಗೆದುಕೊಂಡು, ತಲೆಯೆತ್ತಿ ಅತ್ತಿಗೆಯ ಪರವಾಗಿ ನನಗೆ ಹೇಳಿದರು.

“ವೈನಿಗೇನೂ ಅನಬ್ಯಾಡ್ರಿ, ನಾನ ಮಾಡಿಸೇನಿ. ನಮ್ಮಣ್ಣಗ ಹೊಲ ಐತಿ, ಅಂವ ಹೊಲಕ್ಕ ಉಡಿ ತುಂಬಿದ. ನನಗ ಹೊಲ ಎಲ್ಲೈತ್ರಿ? ನೀವ ಅಂದ್ರಿ, ಇದೂ ಒಂದ್ ಹೊಲಾ ಅಂತ. ನನ್ನ ಉಸರ ಬೆಳಿಯೂ ಹೊಲಾರಿ ಇದು. ಇದನ್ನ ಹೆಂಗ ಬರಿ ಉಡಿಲೆ ಬಿಡ್ಲಿ?”

ಬಾಯಿಗೆ ಬಂದಿದ್ದ ಬೈಗುಳವೆಲ್ಲ ಅಲ್ಲೇ ನಿಂತಿತು. ಹತ್ತೊಂಬತ್ತು ವರ್ಷದಲ್ಲಿ ನಾನು ಕೂಡಿಸಿದ ಪ್ಯಾನೆಲ್ಲುಗಳಿಗೆ ಗಿರಾಕಿಗಳು ಗ್ಯಾರಂಟಿ ಕೇಳಿದ್ದಾರೆ, ಕೊಸರಿದ್ದಾರೆ, ಜಗಳ ಆಡಿದ್ದಾರೆ. ಅದಕ್ಕೆ ಬಯಕೆಯ ಊಟ ಬಡಿಸಿದವರು ಯಾರೂ ಇರಲಿಲ್ಲ. ನೆತ್ತಿಯ ಅಂಚಿನಲ್ಲೇ ಕೂತುಬಿಟ್ಟೆ.

ಆದರೆ ಕರೆಂಟಿಗೆ ಭಕ್ತಿ ತಿಳಿಯುವುದಿಲ್ಲ. ಗಂಟೆ ಎರಡರ ಹತ್ತಿರ ಬಂದಿತ್ತು, ಚಳಿಗಾಲದ ಬಿಸಿಲು ಇನ್ನು ಮೂರು ತಾಸಿನದು. ಖಣ ತೆಗೆಯಬೇಕು ಅಂದೆ. ತುಂಬಿದ ಉಡಿಯನ್ನು ಮೂರು ದಿನ ತೆಗೆಯಬಾರದು ಎಂದು ಗುರುಬಾಯಿ ಮೆಲ್ಲಗೆ ಹೇಳಿದರು, ಅವರ ಮನೆತನದಲ್ಲಿ ಅದೇ ನಡೆದುಬಂದದ್ದು. ಶಿವಪುತ್ರಪ್ಪನವರೂ ತಲೆಯಾಡಿಸಿದರು. ಸಂಗಪ್ಪನವರು ತೆಗೆಯುವುದೂ ಬೇಡ, ಇರುವುದೂ ಬೇಡ, ಹೊರಟೇಬಿಡೋಣ ಅಂದರು. ಕಿತ್ತು ಬಿಸಾಕಲು ನನ್ನ ಕೈ ಬರಲಿಲ್ಲ. ಏಣಿಯಿಂದ ಇಳಿದು ನೀಲಮ್ಮನವರ ಎದುರು ನಿಂತು, ಅವರಿಗೆ ಹೊಲದ ಮಾತಿನಲ್ಲೇ ಮತ್ತೊಮ್ಮೆ ವಿವರಿಸಿದೆ. ಮಣ್ಣಿನ ಹೊಲ ಬೇರಿನಿಂದ ಉಣ್ಣುತ್ತದೆ, ಮೇಲೆ ಏನು ಹೊದಿಸಿದರೂ ನಡೆಯುತ್ತದೆ. ಈ ಹೊಲಕ್ಕೆ ಬೇರಿಲ್ಲ, ಮೈಯೆಲ್ಲ ಬಾಯಿ. ಬಿಸಿಲು ಬಿಟ್ಟು ಬೇರೆ ಊಟ ಇದಕ್ಕೆ ಸೇರುವುದಿಲ್ಲ.

ನೀಲಮ್ಮನವರು ಮತ್ತೆ ನೆತ್ತಿಯ ಕಡೆ ನೋಡಿದರು. ಅವರ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ನಗು ಮೂಡಿತು.

“ಅಂದ್ರ ಬಸುರಿ ಬಾಯಿ ಕಟ್ಟಿ ಉಡಿ ತುಂಬಿದಂಗ ಆತಲ್ರಿ. ವೈನೀ, ಉಡಿ ಕೆಳಗ ಇಳಸು. ಬಸುರಿ ಉಪಾಸ ಬೀಳೂದು ಯಾವ ಮನಿತನದ ರೀತಿ?”

ಆ ಮಾತಿಗೆ ಗುರುಬಾಯಿಗೂ ನಗು ಬಂತು. ಖಣ, ಕಾಯಿ, ಐದು ಪಾಂಡವರು ಎಲ್ಲರೂ ಮರ್ಯಾದೆಯಿಂದ ಏಣಿ ಇಳಿದು, ಗಾಡಿಯ ಮುಂದೆ ಜೋಳದ ಸಾಲಿನ ತುದಿಯಲ್ಲಿ ಮತ್ತೆ ಕೂತರು. ನಾನು ಮೇಲೇರಿ ಬಕೆಟ್ಟುಗಟ್ಟಲೆ ನೀರು ಹೊಯ್ದೆ. ಗಟ್ಟಿಯಾದ ಅಂಬಲಿ ನೆನೆಯಬೇಕು, ಗಾಜು ಗೀಚಬಾರದು. ಹಳೆಯ ಧೋತರದ ತುಂಡಿನಿಂದ ಮೆಲ್ಲಗೆ ಒರೆಸಿದೆ. ಕೆಳಗೆ ಕಂಟ್ರೋಲರಿನ ಮುಂದೆ ಕೂತ ಶಿವಪುತ್ರಪ್ಪ ಅಂಕಿ ಕೂಗುತ್ತ ಹೋದರು. ಐದು, ಒಂಬತ್ತು, ಹನ್ನೆರಡು. ಪೂರ್ತಿ ತೊಳೆದು ಇಳಿಯುವಷ್ಟರಲ್ಲಿ ಹದಿನಾರಕ್ಕೆ ನಿಂತಿತ್ತು. ಆ ಹೊತ್ತಿನ ಬಿಸಿಲಿಗೆ ಅದು ನ್ಯಾಯವಾದ ಅಂಕಿ.

ಇನ್ನು ತೀರ್ಮಾನವಾಗಬೇಕಿತ್ತು. ನಾನು ಮೂರು ಸಲ ಲೆಕ್ಕ ಹಾಕಿದೆ. ಸೂರ್ಯ ಮುಳುಗುವಷ್ಟರಲ್ಲಿ ಬ್ಯಾಟರಿ ಅರವತ್ತು ದಾಟುತ್ತದೆ. ಫ್ರಿಜ್ಜು ಬಂದ್ ಮಾಡಿ, ಹ್ಯುಮಿಡಿಫೈಯರಿನ ಕಾವು ನಿಲ್ಲಿಸಿದರೆ ಯಂತ್ರ ರಾತ್ರಿಯಿಡೀ ನಡೆದು ಇನ್ನೂ ಉಳಿಯುತ್ತದೆ. ಸಂಗಪ್ಪನವರು ಡಾಕ್ಟರಿಗೆ ಫೋನು ಮಾಡಿ ಕೇಳಿದರು. ಒಂದು ರಾತ್ರಿ ಕಾವಿಲ್ಲದಿದ್ದರೆ ಗಂಟಲು ಒಣಗೀತು, ಬೇರೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಶೇಕಡಾವಾರು ಲೆಕ್ಕ ಒಪ್ಪಿಸಲು ಶುರು ಮಾಡಿದೆ. ಸಂಗಪ್ಪನವರು ಕೈ ಅಡ್ಡ ಹಿಡಿದು ತಡೆದರು. ಇಂಡಿಯ ಆ ಬೆಳಗು ಅವರ ಕಣ್ಣಮುಂದಿತ್ತು, ಅದಕ್ಕೆ ನನ್ನ ಅಂಕಿಗಳು ಉತ್ತರವಾಗಿರಲಿಲ್ಲ.

“ಲೆಕ್ಕಾ ಬ್ಯಾಡ್ರಿ ಸಾಹೇಬ್ರ. ನಿಮ್ಮ ಮನ್ಯಾಗಿನ ಅಕ್ಕಾರು ಇದ್ರ ಈ ಗಾಡಿಯಾಗ ಇವತ್ತ ಮಲಗಸ್ತಿದ್ರೇನು? ಅದೊಂದ ಹೇಳ್ರಿ.”

ನನ್ನ ವೃತ್ತಿಯಲ್ಲಿ ಇಷ್ಟು ಕಷ್ಟದ ಪ್ರಶ್ನೆ ಯಾರೂ ಕೇಳಿರಲಿಲ್ಲ. ಮತ್ತೊಮ್ಮೆ ನೆತ್ತಿಗೇರಿ ಎರಡೂ ಕನೆಕ್ಟರ್ ಜಗ್ಗಿ ನೋಡಿದೆ. ಕೆಳಗಿಳಿದು ಬ್ಯಾಟರಿಯ ಟರ್ಮಿನಲ್ ಮುಟ್ಟಿ ನೋಡಿದೆ. ಮನೆಯಲ್ಲಿರುವ ನನ್ನ ಹೆಂಡತಿಯನ್ನು ಆ ಮಂಚದ ಮೇಲೆ ಮನಸ್ಸಿನಲ್ಲೇ ಮಲಗಿಸಿಯೂ ನೋಡಿದೆ. ಆಮೇಲೆ ಸಂಗಪ್ಪನವರ ಹತ್ತಿರ ಬಂದೆ.

“ಮಲಗಸ್ತಿದ್ದೆ. ನಾನೂ ಇವತ್ತ ಊರಿಗೆ ಹೋಗೂದಿಲ್ಲ, ಇಲ್ಲೇ ಹೊಲದಾಗ ಇರ್ತೇನಿ.”

ಸಂಗಪ್ಪನವರು ಗಾಡಿ ಹತ್ತಿದರು. ಒಳಗಿಟ್ಟಿದ್ದ ಕುರ್ಚಿಗಳನ್ನು ಒಂದೊಂದಾಗಿ ಮತ್ತೆ ಹೊರಗೆ ತಂದಿಟ್ಟರು. ಗುರುಬಾಯಿ ನನ್ನ ಮುಂದೆ ಊಟ ಬಡಿಸಿದರು. ಚರಗದ ಮರುದಿನದ ಕಡಕ್ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು. ಬೈಯಲು ಬಂದವನು ಮೂರು ಸಲ ಹಾಕಿಸಿಕೊಂಡು ಉಂಡೆ.

ಆ ರಾತ್ರಿಯ ಬಗ್ಗೆ ಹೇಳಲು ಏನೂ ಇಲ್ಲ. ನನ್ನ ಕೆಲಸದಲ್ಲಿ ಹೇಳಲು ಏನೂ ಇಲ್ಲದ ರಾತ್ರಿಯೇ ಒಳ್ಳೆಯ ರಾತ್ರಿ. ಬ್ಯಾಟರಿ ಸಂಜೆ ಅರವತ್ತಮೂರಿಗೆ ಮುಟ್ಟಿತ್ತು, ಬೆಳಿಗ್ಗೆ ನೋಡಿದರೆ ನಲವತ್ತೆಂಟು. ಯಂತ್ರ ಒಂದು ಕ್ಷಣವೂ ನಿಂತಿರಲಿಲ್ಲ. ನೀಲಮ್ಮನವರು ಮುಖ ತೊಳೆದು ಹೊರಬಂದು, ಗಂಟಲು ಒಣಗೇತಿ, ಚಹಾಕ್ಕೆ ಶುಂಠಿ ಹಾಕು ಎಂದು ವೈನಿಗೆ ಹೇಳಿದರು. ಸಂಗಪ್ಪನವರು ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿ, “ನಾ ಯಾರ ಹೇಳು” ಎಂದು ಕೇಳಿದರು. “ಚಹಾ ಕುಡಿಯಾಕ ಬಸ್ ನಿಂದ್ರಿಸೂ ಡ್ರೈವರ್” ಎಂದು ಆಕೆ ಅಂದದ್ದಕ್ಕೆ ಹೊಲದಲ್ಲಿದ್ದವರೆಲ್ಲ ನಕ್ಕರು. ಸಂಗಪ್ಪನವರು ನಗುತ್ತ ನಗುತ್ತ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ನಾನು ಬೈಕ್ ಹತ್ತುವಾಗ ಹತ್ತಿರ ಬಂದು, ಸಿಂದಗಿಗೆ ಬಂದಾಗ ಇಂಜಿನ್ನಿಗೂ ಆ ವೈರು ಹಾಕಿಬಿಡಿ ಎಂದು ಬೇರೆ ಕಡೆ ನೋಡುತ್ತ ಹೇಳಿದರು.

ಮೂರನೆಯ ರಾತ್ರಿಯೂ ಹಾಗೆಯೇ ಕಳೆಯಿತು. ನಾಲ್ಕನೆಯ ದಿನ ಅವರು ದೇವಣಗಾಂವ ಬಿಟ್ಟದ್ದನ್ನು ಸಂಗಪ್ಪನವರೇ ಆಮೇಲೆ ಹೇಳಿದರು. ರಸ್ತೆಗೆ ಬಂದರೆ ಒಂದು ಕಡೆ ಆಲಮೇಲ, ಸಿಂದಗಿ, ಮನೆಯ ದಾರಿ. ಇನ್ನೊಂದು ಕಡೆ ಭೀಮೆಯ ಸೇತುವೆ, ಅದರಾಚೆ ಗಾಣಗಾಪುರ. ಎತ್ತ ಹೋಗುವುದು ಎಂದು ಅವರು ಹೆಂಡತಿಯನ್ನು ಕೇಳಿದರಂತೆ. ಅಲ್ಲಿಯ ಗುಡಿಗೆ ಹೋಗುವ ಹರಕೆಯೇನೂ ಇರಲಿಲ್ಲ. ಹುಟ್ಟಿದಾಗಿನಿಂದ ದಂಡೆಯಲ್ಲಿ ನಿಂತು ನೋಡಿದ ಹೊಳೆ, ಅದರ ಆ ಕಡೆ ಒಂದು ರಾತ್ರಿಯೂ ಮಲಗಿಲ್ಲ ಎಂದು ನೀಲಮ್ಮನವರು ಅಂದರಂತೆ. ಸಂಗಪ್ಪನವರು ಗಾಡಿ ಸೇತುವೆಗೆ ಹತ್ತಿಸಿದರು. ಮುಂದೆ ಹನ್ನೊಂದು ದಿನ ಆ ಗಾಡಿ ಮುದ್ದೇಬಿಹಾಳದ ಮುಖ ನೋಡಲಿಲ್ಲ.

ಈಗ ಅಂಗಡಿಯನ್ನು ತಮ್ಮನ ಮಗ ನೋಡಿಕೊಳ್ಳುತ್ತಾನೆ, ನಾನು ಬೇಕಾದಾಗ ಹೋಗಿ ಕೂರುತ್ತೇನೆ, ಬೈಯುತ್ತೇನೆ. ಆ ಕೆಲಸದ ನಂತರ ನನ್ನ ಒಂದು ರೂಢಿ ಬದಲಾಯಿತು. ಮೊದಲು ಗಿರಾಕಿ ಬಂದರೆ ಏನೇನು ನಡೆಸಬೇಕು ಎಂದು ಕೇಳುತ್ತಿದ್ದೆ. ಈಗ ಅದಕ್ಕೂ ಮೊದಲು, ಹಬ್ಬಕ್ಕೆ ಇದರ ಪೂಜೆ ಎಲ್ಲಿ ಮಾಡುತ್ತೀರಿ ಎಂದು ಕೇಳುತ್ತೇನೆ. ಹೊಸಬರು ನಗುತ್ತಾರೆ. ನಾನು ಮಾತ್ರ ಪ್ಯಾನೆಲ್ಲಿನ ಪಕ್ಕದಲ್ಲಿ, ಅದರ ಮೇಲೆ ನೆರಳು ಬೀಳದ ಕಡೆ, ಪೂಜೆಗೆಂದು ಒಂದು ಸ್ಟೀಲಿನ ತಟ್ಟೆಯಗಲದ ಕಟ್ಟೆ ಕೂಡಿಸಿಯೇ ಕೂಡಿಸುತ್ತೇನೆ. ವ್ಯಾಟು ವೋಲ್ಟು ಎಲ್ಲ ಕಾಲೇಜಿನಲ್ಲಿ ಕಲಿಸಿದರು, ಇದನ್ನು ಕೆಲಸ ಕಲಿಸಿತು. ಜನ ಯಾವುದನ್ನು ನೆಚ್ಚಿ ಕಣ್ಣು ಮುಚ್ಚುತ್ತಾರೋ ಅದಕ್ಕೆ ಕೈಮುಗಿಯದೆ ಇರಲಾರರು. ಕೈಮುಗಿಯಲು ಜಾಗ ಬಿಡದ ಕೆಲಸ ಇನ್ನೂ ಮುಗಿಯದ ಕೆಲಸ.